ಕಿವಿಯಕ್ಕ ಕಿವಿ ಮುಚ್ಚಿಕೊಂಡದ್ದು

ಆ ಬೀದಿಯವರು ಗಂಡನನ್ನು ಬೀಗದಣ್ಣ ಎಂದೂ ಹೆಂಡತಿಯನ್ನು ಕಿವಿಯಕ್ಕ ಎಂದೂ ಕರೆಯುತ್ತಾರೆ. ಗಂಡ ಅಣ್ಣನಾಗಿ ಹೆಂಡತಿ ಅಕ್ಕನಾದರೆ ಇವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಹೊಸದಾಗಿ ಬಂದವರು ಕೇಳುವುದುಂಟು. ಅದಿನ್ನೂ ಇತ್ಯರ್ಥವಾಗಿಲ್ಲ ಎಂದು ಬೀದಿಯವರು ನಗುತ್ತಾರೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬೀಗದಣ್ಣನ ಅಂಗಡಿ. ಒಂದು ಸ್ಟೂಲು, ಕೀಲಿ ಕೊರೆಯುವ ಒಂದು ಯಂತ್ರ, ಗೋಡೆ ತುಂಬ ಮೊಳೆಗಳಿಗೆ ನೇತುಹಾಕಿದ, ಇನ್ನೂ ಹಲ್ಲು ಮೂಡದ ಕೀಲಿಗಳು. ಅಲ್ಲಿಂದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಕಿವಿಯಕ್ಕನ ಕೋಣೆ. ಕೀಲಿ ಕಳೆದುಕೊಂಡವರು ಕೆಳಗೇ ನಿಲ್ಲುತ್ತಾರೆ, ಕಂಪ್ಯೂಟರಿನಲ್ಲಿಟ್ಟದ್ದನ್ನು ಕಳೆದುಕೊಂಡವರು ಏದುಸಿರು ಬಿಡುತ್ತ ಮೇಲಕ್ಕೆ ಬರುತ್ತಾರೆ.

ಕೆಟ್ಟುಹೋದ ಹಾರ್ಡ್ ಡಿಸ್ಕುಗಳಿಂದ ಒಳಗಿದ್ದದ್ದನ್ನು ಹೊರತೆಗೆದುಕೊಡುವುದು ಕಿವಿಯಕ್ಕನ ಕಸುಬು. ಅವಳ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಪುಟ್ಟ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೆಟ್ಟ ರೇಡಿಯೊ ಹಚ್ಚಿ, ಇದಕ್ಕೆ ಎಲ್ಲಿ ನೋವು ಹೇಳು ಎನ್ನುತ್ತಿದ್ದ. ಏಳು ವರ್ಷಕ್ಕೇ ಅವಳು ಕಂಡೆನ್ಸರ್ ಸತ್ತ ಗೊರಗೊರ ಯಾವುದು, ತಂತಿ ಸಡಿಲಾದ ಚರಚರ ಯಾವುದು ಎಂದು ಬೇರೆ ಮಾಡಿ ಹೇಳುತ್ತಿದ್ದಳು. ಮುಂದೆ ರೇಡಿಯೊ ಹೋಗಿ ಟೇಪ್ ರೆಕಾರ್ಡರ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ಕಿವಿ ಮಾತ್ರ ಅದೇ ಉಳಿಯಿತು. ಬಾಗಿಲು ಮುಚ್ಚುತ್ತಿದ್ದ ಹಳೆಯ ದವಾಖಾನೆಯೊಂದರಿಂದ ಅವಳು ಒಂದು ಸ್ಟೆತೋಸ್ಕೋಪ್ ಸಂಪಾದಿಸಿದ್ದಾಳೆ. ಅದನ್ನು ಡಿಸ್ಕಿನ ಮೈಗೆ ಹಚ್ಚಿ, ಒಳಗಿನ ತಟ್ಟೆ ಸರಿಯಾಗಿ ತಿರುಗುತ್ತಿದೆಯೋ, ಓದುವ ಮುಳ್ಳು ತಡವರಿಸುತ್ತಿದೆಯೋ ಎಂದು ಕೇಳಿ ಹೇಳುತ್ತಾಳೆ. ಗಿರಾಕಿಗಳು ಮೊದಲ ಸಲ ಬಂದಾಗ ನಗುತ್ತಾರೆ. ಎರಡನೆಯ ಸಲ ಬಂದಾಗ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಕುತೂಹಲ ಅವಳಿಗೆ ಹುಟ್ಟಿದಾಗಲೇ ಅಂಟಿಕೊಂಡದ್ದು. ಮುಚ್ಚಿದ ಡಬ್ಬ ಕಂಡರೆ ಅಲ್ಲಾಡಿಸಿ ನೋಡದೆ ಇರಲಾರಳು. ಬೀಗದಣ್ಣನನ್ನು ಮೊಟ್ಟಮೊದಲು ಕಂಡಾಗಲೂ, ನಿಮ್ಮ ಹೆಸರೇನು ಎಂದು ಕೇಳುವ ಮೊದಲೇ ನಿಮ್ಮ ಚೀಲದಲ್ಲೇನಿದೆ ಎಂದು ಕೇಳಿದವಳು. ಬೀಗದಣ್ಣ ಇದಕ್ಕೆ ಪೂರಾ ಉಲ್ಟಾ. ನಂಬರಿನ ಬೀಗವಿರುವ ಪೆಟ್ಟಿಗೆ ಹಿಡಿದುಕೊಂಡು ಗಿರಾಕಿ ಬಂದು, ನಂಬರು ತಿರುಗಿಸಲು ಶುರುಮಾಡಿದನೆಂದರೆ ಇವನು ಕೂತ ಸ್ಟೂಲಿನಲ್ಲೇ ತಿರುಗಿ ಗೋಡೆ ನೋಡತೊಡಗುತ್ತಾನೆ. ಅದು ಅವನು ತಾನೇ ಹಾಕಿಕೊಂಡ ನೇಮ. ಇಪ್ಪತ್ತಾರು ವರ್ಷದಿಂದ ಕಿವಿಯಕ್ಕ ಇದನ್ನು ಆಡಿಕೊಳ್ಳುತ್ತ ಬಂದಿದ್ದಾಳೆ. ಕಣ್ಣಿರುವುದು ನೋಡುವುದಕ್ಕೆ, ಗೋಡೆಯಲ್ಲೇನು ಮಣ್ಣು ನೋಡುತ್ತೀರಿ ಎಂಬುದು ಅವಳ ವಾದ. ನೋಡಿಬಿಟ್ಟರೆ ಮರೆಯುವ ಕಷ್ಟ ಬೇರೆ ಬೀಳುತ್ತದೆ, ನೋಡದಿದ್ದರೆ ಅದೂ ಇಲ್ಲ ಎಂಬುದು ಅವನ ಉತ್ತರ. ಇಬ್ಬರೂ ಜಗ್ಗಿದ್ದಿಲ್ಲ.

ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಡುವಯಸ್ಸಿನ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಟವೆಲಿನಲ್ಲಿ ಸುತ್ತಿದ್ದ ಸಣ್ಣ ಗಂಟೊಂದನ್ನು ಮೇಜಿನ ಮೇಲಿಟ್ಟಳು. ತಾನು ಮಾತಿನ ಟೀಚರ ತಂಗಿ ಎಂದಳು. ಮಾತಿನ ಟೀಚರ್ ಎಂದರೆ ಯಾರೆಂದು ಕಿವಿಯಕ್ಕನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮೂವತ್ತು ವರ್ಷದಿಂದ ಮತ್ತೆ ಮಾತು ಕಲಿಸುತ್ತಿದ್ದವರು. ಅಂಥವರಿಗೇ ಐದು ತಿಂಗಳ ಹಿಂದೆ ಲಕ್ವ ಹೊಡೆಯಿತು. ಈಗ ಕೋಲು ಹಿಡಿದು ಓಡಾಡುತ್ತಾರೆ, ಬಲಗೈಯೂ ಮುಕ್ಕಾಲು ಪಾಲು ಹಿಂತಿರುಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬಾಯಿಂದ ಮಾತ್ರ 'ಅದೇ' ಎಂಬ ಒಂದೇ ಪದ ಬರುತ್ತದೆ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ, ತಂಗಿಯನ್ನು ಕರೆಯಬೇಕಾದರೂ ಅದೇ. ಬರೆಯಲು ಕಾಗದ ಕೊಟ್ಟರೆ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ.

ಟವೆಲು ಬಿಚ್ಚಿದಾಗ ಒಳಗಿದ್ದದ್ದು ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಡಿಸ್ಕು. ಅದರ ಮೈಮೇಲೆ ಹತ್ತು ಅಂಕಿಗಳ ಗುಂಡಿಗಳು, ಕೀಲಿಯ ಚಿತ್ರವಿದ್ದ ಹನ್ನೊಂದನೆಯ ಗುಂಡಿ, ಮೇಲಂಚಿನಲ್ಲಿ ಕೆಂಪು, ನೀಲಿ, ಹಸಿರು ದೀಪಗಳು. ಬರೆಯುವ ಪ್ರತಿ ಅಕ್ಷರವನ್ನೂ ತಾನೇ ಗೂಢಲಿಪಿಗೆ ತಿರುಗಿಸಿ ಇಟ್ಟುಕೊಳ್ಳುವ ಜಾತಿಯದು. ಸರಿಯಾದ ನಂಬರು ಒತ್ತಿ, ಕೊನೆಗೆ ಕೀಲಿಯ ಗುಂಡಿ ಒತ್ತಿದರಷ್ಟೇ ಬಾಯಿ ಬಿಡುತ್ತದೆ. ಇಂಥದ್ದನ್ನು ಕಿವಿಯಕ್ಕ ಕೇಳಿದ್ದಳೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಹೊಸ ಆಟಿಕೆ ಕಂಡ ಹಾಗಾಯಿತು ಅವಳಿಗೆ.

ತಂಗಿ ಹೇಳುತ್ತ ಹೋದಳು. ಅಕ್ಕ ತನ್ನ ದನಿಯಲ್ಲೇ ಮಾಡಿಟ್ಟ ಪಾಠಗಳೆಲ್ಲ ಇದರಲ್ಲಿವೆ. ಒಂದು ಪದ, ಆಮೇಲೆ ರೋಗಿ ಹೇಳಲೆಂದು ಬಿಟ್ಟ ಸ್ವಲ್ಪ ಜಾಗ, ಮತ್ತೆ ಅದೇ ಪದ. ಯಾರಿಗೆ ಯಾವ ಬಗೆಯಲ್ಲಿ ಮಾತು ಹೋಗಿದೆಯೋ ಅದಕ್ಕೆ ತಕ್ಕ ಪಾಠ. ಆಸ್ಪತ್ರೆಗೆ ಹೊಸದಾಗಿ ಬಂದ ಮಾತಿನ ಶಿಕ್ಷಕಿ ಮನೆಗೂ ಬಂದು ಹೋಗುತ್ತಿದ್ದಾಳೆ. ಪಾಪ, ಒಳ್ಳೆಯ ಹುಡುಗಿ. ಅವಳು, ನಾನು ಕಲಿತದ್ದೇ ಇವರ ಹತ್ತಿರ, ಇವರ ಪಾಠ ಇವರಿಗೇ ಸಿಕ್ಕರೆ ನಾನು ಕಲಿಸುವುದಕ್ಕಿಂತ ಎಷ್ಟೋ ಮೇಲು, ಈ ಮೊದಲ ತಿಂಗಳುಗಳು ಸುಮ್ಮನೆ ಕಳೆದುಹೋಗಬಾರದು ಎಂದಿದ್ದಾಳೆ. ಡಿಸ್ಕಿನಲ್ಲಿ ಪಾಠದ ಜೊತೆಗೆ ರೋಗಿಗಳು ಮೊದಲ ದಿನಗಳಲ್ಲಿ ತೊದಲಿದ ದನಿಗಳೂ ಇವೆ. ಅವು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ ಎಂದು ಅಕ್ಕ ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದರು. ಈ ಡಿಸ್ಕು ಕೊಂಡದ್ದೇ ಅದಕ್ಕೆ, ನಂಬರನ್ನು ಯಾರಿಗೂ ಹೇಳದಿದ್ದದ್ದೂ ಅದಕ್ಕೆ.

ಈ ಕತೆ ನಡೆಯುತ್ತಿರುವಾಗ ಕಿವಿಯಕ್ಕನ ಕೈ ಸುಮ್ಮನಿತ್ತೇ? ಡಿಸ್ಕಿಗೆ ತಂತಿ ಚುಚ್ಚಿ, ಸ್ಟೆತೋಸ್ಕೋಪ್ ಹಚ್ಚಿ, ತಟ್ಟೆಯ ಸದ್ದು ಕೇಳಿಯಾಗಿತ್ತು. ಎಲ್ಲ ನೆಟ್ಟಗಿತ್ತು. ಗುಂಡಿಗಳಿರುವ ಯಾವ ಯಂತ್ರ ಬಂದರೂ ಅವಳದೊಂದು ಅಭ್ಯಾಸವಿದೆ: ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದನ್ನೂ ಒಮ್ಮೆ ಒತ್ತಿ, ಯಾವುದಾದರೂ ಸತ್ತಿದೆಯೇ ಎಂದು ನೋಡುವುದು. ಹಾಗೇ ಒಂದರಿಂದ ಒಂಬತ್ತು, ಆಮೇಲೆ ಸೊನ್ನೆ, ಆಮೇಲೆ ಕೀಲಿಯ ಗುಂಡಿ ಒತ್ತಿದಳು. ಕೆಂಪು ದೀಪ ಮೂರು ಸಲ ಮಿಟುಕಿತು.

ಆಗ ತಂಗಿ ಪರ್ಸಿನಿಂದ ಒಂದು ಮಡಿಸಿದ ಚೀಟಿ ತೆಗೆದಳು. ಡಿಸ್ಕಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದಂತೆ. ಹತ್ತು ಸಲ ತಪ್ಪು ನಂಬರು ಒತ್ತಿದರೆ ಡಿಸ್ಕು ತನ್ನ ಒಳಗಿನ ಕೀಲಿಯನ್ನು ತಾನೇ ಅಳಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಮಾಡಿದವರಿಗೂ ತೆರೆಯಲಾಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ಕಿವಿಯಕ್ಕ ನಾಲಿಗೆ ಕಚ್ಚಿಕೊಂಡಳು. ಗಟ್ಟಿ ಮನಸ್ಸು ಮಾಡಿ ಕೇಳಿದಳು.

"ನೀವು ಎಷ್ಟು ಸಲ ಒತ್ತಿದೀರಿ?"

"ನಾನು ಐದು. ಹುಟ್ಟಿದ ದಿನ, ಫೋನ್ ನಂಬರು, ಹೀಗೆ. ನಮ್ಮನೆಯವರು ಒಂದೋ ಎರಡೋ. ಅವರಿಗೂ ನೆನಪಿಲ್ಲ. ಆಮೇಲೆ ಈ ಚೀಟಿ ಕಣ್ಣಿಗೆ ಬಿತ್ತು, ಅಲ್ಲಿಗೇ ನಿಲ್ಲಿಸಿದ್ವಿ."

"ಹಾಗಾದ್ರೆ ಈಗ ಏಳೋ ಎಂಟೋ ಆಗಿದೆ," ಎಂದಳು ಕಿವಿಯಕ್ಕ. "ಒಂದು ನನ್ನದು. ಈಗ ತಾನೇ, ನಿಮ್ಮ ಕಣ್ಣ ಮುಂದೇನೇ ಒತ್ತಿದೆ. ನನ್ನನ್ನ ಬೈಯೋದಿದ್ರೆ ಬೈದುಬಿಡಿ."

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು, ಡಿಸ್ಕನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು. ಮೂವತ್ತು ವರ್ಷದ ಕಸುಬಿನಲ್ಲಿ ಕಿವಿಯಕ್ಕ ಅಷ್ಟು ನಾಚಿದ್ದು ಅದೇ ಮೊದಲು. ಇನ್ನು ಉಳಿದಿರುವುದು ಮೂರು ಸಲ, ಇಲ್ಲವೇ ಎರಡೇ ಸಲ. ಡಿಸ್ಕನ್ನು ಅವಳು ಬೀರುವಿನ ಮೇಲಂಕಣದಲ್ಲಿಟ್ಟು, ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದೆ ಬೀರುವಿಗೆ ಬೀಗ ಹಾಕಿ, ಆ ಕೀಲಿಯನ್ನು ಗಂಡನ ವಶಕ್ಕೆ ಕೊಟ್ಟಳು.

ಮಾರನೆಯ ದಿನವೇ ಊರೆಲ್ಲ ಹುಡುಕಿ ಅದೇ ಡಿಸ್ಕಿನ ಅವಳಿಯೊಂದನ್ನು ಕೊಂಡುತಂದಳು. ತಪ್ಪು ಮಾಡಿದ ನಾಚಿಕೆ ಒಂದು ಕಡೆ ಇತ್ತು ನಿಜ, ಆದರೆ ಇದರ ಹೊಟ್ಟೆಯಲ್ಲೇನಿದೆ ಎಂಬ ತವಕ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಆ ಅವಳಿ ಡಿಸ್ಕಿಗೆ ಒಂದು ನಂಬರು ಕೊಟ್ಟು, ಒಳಗೆ ತುಂಬಿಸಲು ಏನಾದರೂ ಬೇಕಲ್ಲ ಎಂದು, ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗಿದ್ದ ಬೀಗದಣ್ಣನ ಗೊರಕೆಯನ್ನು ಮುದ್ರಿಸಿ ಹಾಕಿದಳು. ನಂಬರು ಒತ್ತಿದರೆ ಗೊರಕೆ ಚೆನ್ನಾಗಿಯೇ ಕೇಳುತ್ತಿತ್ತು. ಆಮೇಲೆ ಬೇಕೆಂದೇ ಹತ್ತು ಸಲ ತಪ್ಪು ಒತ್ತಿದಳು. ಹತ್ತನೆಯದಕ್ಕೆ ಮೂರು ದೀಪಗಳೂ ಒಮ್ಮೆ ಹತ್ತಿ ಆರಿದವು. ಒಂದು ಕ್ಷಣವೂ ಹಿಡಿಯಲಿಲ್ಲ.

ಅದರ ಹೊರಕವಚ ಬಿಚ್ಚಿ, ಒಳಗಿನ ತಟ್ಟೆಯ ಭಾಗವನ್ನು ಹೊರತೆಗೆದು ತನ್ನ ಯಂತ್ರಕ್ಕೆ ಜೋಡಿಸಿ, ಅಲ್ಲಿದ್ದದ್ದನ್ನು ನೇರವಾಗಿ ದನಿಯಾಗಿಸಿ ಕೇಳಿದಳು. ಅಪ್ಪನ ರೇಡಿಯೊದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಬರುತ್ತಿದ್ದ ಶಬ್ದದ ಹಾಗೆ ಒಂದೇ ಸಮನೆ ಸುಯ್ಯೆನ್ನುತ್ತಿತ್ತು. ಎಂಥ ಗದ್ದಲದಲ್ಲೂ ತಾಳ ಹುಡುಕಿ ತೆಗೆಯುವವಳು ಅವಳು. ಒಂದು ಗಂಟೆ ಕಣ್ಣು ಮುಚ್ಚಿ ಕೂತು ಕೇಳಿದರೂ ಗೊರಕೆಯ ಒಂದು ಎಳೆಯೂ ಕಿವಿಗೆ ಸಿಕ್ಕಲಿಲ್ಲ. ಬೀಗ ತೆಗೆಯುವ ಕೆಲಸ ಮಾಡುವ ಚಿಪ್ಪನ್ನಾದರೂ ನೋಡೋಣವೆಂದರೆ, ಅದನ್ನು ಮಾಡಿದವರು ಅದರ ಮೇಲೆ ಕಲ್ಲಿನಷ್ಟು ಗಟ್ಟಿಯಾಗುವ ಅಂಟು ಹೊಯ್ದುಬಿಟ್ಟಿದ್ದರು. ಅಂಟು ಕಿತ್ತರೆ ಚಿಪ್ಪೂ ಕಿತ್ತುಬರುತ್ತದೆ. ಹೆಚ್ಚು ಬಳಸಿದ ಗುಂಡಿ ಸವೆದು ಗುಟ್ಟು ಬಿಟ್ಟುಕೊಟ್ಟೀತೇ ಎಂದು ಬೀಗದಣ್ಣ ತನ್ನ ಭೂತಗನ್ನಡಿ ತಂದು ಟೀಚರ ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆರಳಿನ ಗುರುತು ಹಿಡಿಯದಂಥ ಲೇಪ ಬಳಿದಿದ್ದರು. ಹತ್ತೂ ಗುಂಡಿ ಒಂದೇ ಸಮ ಇದ್ದವು. ಇದನ್ನು ಮಾಡಿದವನು ಕಳ್ಳನ ಮನಸ್ಸು ಬಲ್ಲವನು ಎಂದು ಬೀಗದಣ್ಣ ತಲೆದೂಗಿದ.

ಅವನಿಗೊಂದು ಅನುಮಾನ ಬಂತು. ಟೀ ಕುಡಿಯುತ್ತ ಕೇಳಿದ: ನಂಬರು ಬದಲಾಯಿಸಬೇಕೆಂದರೆ ಒಳಗಿನದನ್ನೆಲ್ಲ ಮತ್ತೆ ಹೊಸದಾಗಿ ಬರೆಯಬೇಕೇ? ಬೇಡ ಎಂದಳು ಕಿವಿಯಕ್ಕ, ಅದೇ ಇದರ ಜಾಣತನ. ಒಳಗೊಂದು ದೊಡ್ಡ ಕೀಲಿಯಿದೆ, ಡಿಸ್ಕು ತಾನೇ ಹುಟ್ಟಿಸಿಕೊಂಡದ್ದು, ಯಾರ ಕಣ್ಣಿಗೂ ಬೀಳುವುದಿಲ್ಲ. ಬರೆಯುವುದು, ಓದುವುದು ಎಲ್ಲ ಅದರಿಂದಲೇ. ನಾವು ಒತ್ತುವ ನಂಬರು ಆ ಕೀಲಿಯಿಟ್ಟ ಡಬ್ಬಿಯನ್ನು ತೆರೆಯುತ್ತದೆ, ಅಷ್ಟೇ. ನಂಬರು ಬದಲಾದರೆ ಡಬ್ಬಿಯ ಬೀಗ ಬದಲಾಗುತ್ತದೆ, ಒಳಗಿನ ಕೀಲಿ ಹಾಗೇ ಇರುತ್ತದೆ. ಹತ್ತು ಸಲ ತಪ್ಪಿದರೆ ಆ ಕೀಲಿಯೇ ಹೋಗುತ್ತದೆ.

"ಅಂದ್ರೆ ನನ್ನ ಗೊರಕೆ ಅಳಿಸಿಹೋಗಿಲ್ವಾ?"

"ಒಂದು ಚೂರೂ ಹೋಗಿಲ್ಲ. ಎಲ್ಲ ಅಲ್ಲೇ ಇದೆ. ಅದನ್ನ ಓದೋ ದಾರಿ ಹೋಗಿದೆ."

ಹೇಳಿದ ಮೇಲೆ ಅವಳಿಗೇ ಟೀಚರ ನೆನಪಾಯಿತು. ಅವರ ಗಂಟಲಿಗೆ ಏನೂ ಆಗಿಲ್ಲ, ಕಿವಿ ಚುರುಕಾಗಿದೆ, ಹೇಳಬೇಕಾದದ್ದೆಲ್ಲ ತಲೆಯಲ್ಲಿದೆ. ಕಿವಿಯಕ್ಕನಿಗೆ ಟೀ ಸೇರಲಿಲ್ಲ.

ಅವಳಿ ಡಿಸ್ಕಿನೊಂದಿಗೆ ಆಡಾಡುತ್ತ ಅವಳು ಇನ್ನೊಂದು ಸಂಗತಿ ಕಂಡುಕೊಂಡಳು. ಗುಂಡಿ ಒತ್ತಿದಾಗ ಬರುವ ಟಿಕ್ ಸದ್ದು ಬೇರೆಯವರಿಗೆ ಒಂದೇ ಥರ ಕೇಳುತ್ತದೆ. ಅವಳಿಗೆ ಹಾಗಲ್ಲ. ಅಂಚಿನ ಗುಂಡಿಗಳ ಸದ್ದು ಗಟ್ಟಿ, ನಡುವಿನ ಐದರದು ಟೊಳ್ಳು, ಸೊನ್ನೆಯದಂತೂ ನೆಗಡಿಯಾದವರ ಹಾಗೆ. ನಾಲ್ಕು ದಿನ ಅಭ್ಯಾಸ ಮಾಡಿ, ಗಂಡನಿಂದ ಒತ್ತಿಸಿ, ಬೆನ್ನು ತಿರುಗಿಸಿ ಕೂತು ಹತ್ತಕ್ಕೆ ಹತ್ತೂ ಹೇಳಿದಳು. ಜಂಬದಿಂದ ಗಂಡನ ಕಡೆ ತಿರುಗಿದರೆ ಅವನ ಮುಖ ಸಪ್ಪಗಿತ್ತು.

"ಅಂದ್ರೆ ಆ ಟೀಚರ್ ನಂಬರು ಒತ್ತಿದ್ರೆ ನಿನಗೆ ಗೊತ್ತಾಗಿಬಿಡುತ್ತೆ."

"ಒತ್ತೋಕೆ ಅವರಿಗೆ ನೆನಪಿದ್ರೆ ತಾನೇ?"

ಬಾಯಿಗೆ ನೆನಪಿಲ್ಲದಿರಬಹುದು, ಕೈಗೆ ಇದ್ದರೂ ಇರಬಹುದು ಎಂದ ಬೀಗದಣ್ಣ. ಪೆಟ್ಟಿಗೆ ತರುವ ಗಿರಾಕಿಗಳಿಗೆ ನಂಬರೇನು ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ, ಪೆಟ್ಟಿಗೆಯನ್ನೇ ಕೈಗೆ ಕೊಟ್ಟರೆ ತಟ್ಟನೆ ತೆಗೆಯುತ್ತಾರೆ. ಗೋಡೆ ನೋಡಿಕೊಂಡಿರುವ ನಿಮಗೆ ಅದು ಹೇಗೆ ಗೊತ್ತಾಯಿತು ಎಂದು ಅವಳು ಕೆಣಕಿದಳು. ಗೋಡೆ ನೋಡುತ್ತಿದ್ದರೂ ಬೀಗ ತೆಗೆದ ಸದ್ದು ಕೇಳುತ್ತದಲ್ಲ ಎಂದು ಅವನು ಟೀ ಲೋಟ ಕೆಳಗಿಟ್ಟ.

ಅವಳಿ ಇದ್ದದ್ದು ಈಗ ಕೆಲಸಕ್ಕೆ ಬಂತು. ಹೊಸ ಡಿಸ್ಕಿಗೆ, ಇಲ್ಲವೇ ಅವಳಿಯ ಹಾಗೆ ಕೀಲಿ ಅಳಿಸಿಕೊಂಡದ್ದಕ್ಕೆ, ನಂಬರು ಇಡುವಾಗ ಅದು ಒಂದೇ ನಂಬರನ್ನು ಎರಡು ಸಲ ಒತ್ತಿಸಿಕೊಳ್ಳುತ್ತದೆ. ಎರಡೂ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಟೀಚರ ಕೈಗೆ ಅವಳಿಯನ್ನು ಕೊಟ್ಟು ನೋಡಬಹುದು. ಹಸಿರು ಬಂದರೆ ಕೈಗೆ ನೆನಪಿದೆ ಎಂದರ್ಥ. ನಂಬರೇನೆಂದು ಯಾರಿಗೂ ತಿಳಿಯುವುದಿಲ್ಲ, ಉಳಿದ ಎರಡು ಮೂರು ಅವಕಾಶಕ್ಕೂ ಧಕ್ಕೆಯಿಲ್ಲ. ಇದು ಹೊಳೆದಾಗ ಕಿವಿಯಕ್ಕ ಹದಿನಾಲ್ಕು ಮೆಟ್ಟಿಲನ್ನು ಏಳೇ ಹೆಜ್ಜೆಯಲ್ಲಿ ಇಳಿದಳು.

ಟೀಚರ ಮನೆಯ ಮುಂದಿನ ಕೋಣೆಯೇ ಅವರ ಪಾಠದ ಕೋಣೆ. ಎದುರು ಬದುರು ಎರಡು ಕುರ್ಚಿ, ಮೇಜಿನ ಮೇಲೆ ತುಟಿಯ ಚಲನೆ ನೋಡಿಕೊಳ್ಳಲು ಒಂದು ಕನ್ನಡಿ, ಹಳೆಯ ಲ್ಯಾಪ್‌ಟಾಪು. ಗೋಡೆಯಲ್ಲಿ ಗಡಿಯಾರದ ಮೊಳೆಯಿತ್ತು, ಗಡಿಯಾರವಿರಲಿಲ್ಲ. ರೋಗಿಗಳು ಪದ ಹುಡುಕುವಾಗ ಗಡಿಯಾರ ನೋಡಿ ಗಾಬರಿಯಾಗುತ್ತಾರೆಂದು ಅಕ್ಕನೇ ತೆಗೆಸಿದ್ದು ಎಂದಳು ತಂಗಿ. ಟೀಚರ್ ಕೋಲೂರಿ ಬಂದರು. ಬಿಳಿ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ್ದರು, ಕಣ್ಣು ಬಹಳ ಹೊಳಪು. ಕಿವಿಯಕ್ಕನ ಕತ್ತಿನಲ್ಲಿ ನೇತಾಡುತ್ತಿದ್ದ ಸ್ಟೆತೋಸ್ಕೋಪನ್ನು ನೋಡಿ ಹುಬ್ಬೇರಿಸಿ, "ಅದೇ?" ಎಂದರು. ಇದು ಡಿಸ್ಕಿಗೆ, ನಿಮಗಲ್ಲ ಎಂದಳು ಕಿವಿಯಕ್ಕ. ಟೀಚರ್ ನಕ್ಕರು.

ಮೊದಲ ದಿನ ಅವಳಿಯನ್ನು ಮೇಜಿನ ಮೇಲಿಟ್ಟು ಒತ್ತಿ ಎಂದು ಟೀಚರಿಗೆ ಹೇಳಿದರು. ಕಿವಿಯಕ್ಕ ಗಂಡನ ಹಾಗೆ ಗೋಡೆಗೆ ಮುಖ ಮಾಡಿ ನಿಂತಳು, ಒಳಗೊಳಗೇ ತನಗೇ ನಗು ಬಂತು. ಆದರೆ ಎರಡು ಗುಂಡಿ ಬಿದ್ದೊಡನೆ ನಗು ನಿಂತಿತು. ಏಳು, ಎರಡು ಎಂದು ಕಿವಿ ತಾನಾಗಿಯೇ ಹೇಳಿಬಿಟ್ಟಿತ್ತು. ಬೆನ್ನು ತಿರುಗಿಸಿದರೆ ಗಂಡನಿಗೆ ಸಾಕಾಗುತ್ತದೆ, ತನಗೆ ಸಾಲದು ಎಂದು ಅವಳಿಗೆ ಆಗ ತಿಳಿಯಿತು. ತೋರುಬೆರಳುಗಳನ್ನು ಎರಡೂ ಕಿವಿಗೆ ತುರುಕಿಕೊಂಡಳು. ಆ ದಿನ ದೀಪ ಕೆಂಪಾಯಿತು, ಇನ್ನೊಮ್ಮೆ ಮಾಡಿದರೂ ಕೆಂಪು. ಎರಡನೆಯ ದಿನವೂ ಹಾಗೇ ಆಯಿತು. ಟೀಚರ್ ಪ್ರತಿ ಗುಂಡಿಯ ಮುಂದೆಯೂ ಬೆರಳು ನಿಲ್ಲಿಸಿ, ಯೋಚಿಸಿ, ಸೋತು, ಕೊನೆಗೆ ಡಿಸ್ಕನ್ನು ದೂರ ತಳ್ಳಿದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಕಿವಿಯಕ್ಕ ಅದನ್ನೇ ಮೆಲುಕು ಹಾಕಿದಳು. ತಾನು ಮೇಜಿನ ಮೇಲಿನ ಸ್ಕ್ರೂಡ್ರೈವರನ್ನು ನೋಡಿ ತೆಗೆದುಕೊಳ್ಳುವುದಿಲ್ಲ, ಕೈ ಹೋಗುತ್ತದೆ. ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಹುಡುಕಬೇಕಾಗುತ್ತದೆ. ಅರ್ಧ ದಾರಿಯಿಂದಲೇ ವಾಪಸು ಬಂದು ತಂಗಿಯನ್ನು ಕೇಳಿದಳು: ಅಕ್ಕ ಇದನ್ನು ಒತ್ತುವಾಗ ಹೇಗೆ ಕೂರುತ್ತಿದ್ದರು, ಎಲ್ಲಿ ನೋಡುತ್ತಿದ್ದರು? ತಂಗಿ ನೆನಪು ಮಾಡಿಕೊಂಡಳು. ಮೇಜಿನ ಮೇಲೆ ಇಡುತ್ತಲೇ ಇರಲಿಲ್ಲ. ಎಡ ಅಂಗೈಯಲ್ಲಿ ಹಿಡಿದು, ಎದುರು ಕೂತ ರೋಗಿಯ ಮುಖ ನೋಡುತ್ತ, ನಿದ್ದೆ ಬಂತಾ, ಊಟ ಸೇರಿತಾ ಎಂದು ಮಾತಾಡಿಸುತ್ತ, ಬಲಗೈ ಹೆಬ್ಬೆರಳಿನಿಂದ ಒತ್ತಿಬಿಡುತ್ತಿದ್ದರು.

ಮೂರನೆಯ ದಿನ ಕಿವಿಯಕ್ಕ ರೋಗಿಯ ಕುರ್ಚಿಯಲ್ಲಿ ಕೂತಳು. ಡಿಸ್ಕಿನ ಹಿಂಬದಿ ಮಾತ್ರ ಕಾಣುವ ಹಾಗೆ ತಂಗಿ ಅವಳ ಪಕ್ಕದಲ್ಲಿ ನಿಂತಳು. ಟೀಚರ ಎಡ ಅಂಗೈಯಲ್ಲಿ ಅವಳಿಯನ್ನು ಇಟ್ಟರು. ಕಿವಿಯಕ್ಕ ಕಣ್ಣು ಮುಚ್ಚಿ, ಕಿವಿ ಮುಚ್ಚಿ, ತನಗೇನೂ ಕೇಳದ್ದರಿಂದ ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡತೊಡಗಿದಳು. ಗಂಡನ ಗೊರಕೆ ಮುದ್ರಿಸಿದ್ದು, ಅದು ಡಿಸ್ಕಿನೊಳಗೇ ಸಿಕ್ಕಿಹಾಕಿಕೊಂಡದ್ದು, ಅವನಿಗೆ ಅದರಿಂದ ಬಲು ನೆಮ್ಮದಿಯಾದದ್ದು ಎಲ್ಲ ಹೇಳಿದಳು. ಮಾತಿನ ನಡುವೆ ಯಾರೋ ಅವಳ ಮೊಣಕಾಲು ತಟ್ಟಿದರು. ಕಣ್ಣು ತೆರೆದರೆ ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಟೀಚರೂ ನಗುತ್ತಿದ್ದರು. ದೀಪ ಹಸಿರಾಗಿತ್ತು.

ಇನ್ನು ತಡಮಾಡಲಿಲ್ಲ. ಟೀಚರ ಸ್ವಂತ ಡಿಸ್ಕನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಅದೇ ಅಂಗೈಯಲ್ಲಿಟ್ಟರು. ಕಿವಿಯಕ್ಕ ಮತ್ತೆ ಕಣ್ಣು ಕಿವಿ ಮುಚ್ಚಿ ಮಾತು ಶುರುಮಾಡಿದಳು. ಈ ಸಲ ಹೇಳಲು ಏನೂ ಹೊಳೆಯದೆ ಮೆಟ್ಟಿಲು ಎಣಿಸಿದಳು. ಹನ್ನೊಂದಕ್ಕೆ ಬಂದಾಗ ತಂಗಿ ಭುಜ ಹಿಡಿದು ಅಲ್ಲಾಡಿಸಿದಳು. ಕೆಂಪು. ಹೆಬ್ಬೆರಳು ಸೋತು ಜಾರಿತು, ಹಿಂಬದಿಯಿಂದಲೂ ಅದು ತನಗೆ ಕಂಡಿತು ಎಂದಳು.

ಉಳಿದದ್ದು ಎರಡು ಇರಬಹುದು, ಒಂದೇ ಇರಬಹುದು. ಆಮೇಲೆ ತಂಗಿ ಕಿವಿಯಕ್ಕನ ಕೈ ಹಿಡಿದುಕೊಂಡಳು. ಗುಂಡಿಯ ಸದ್ದು ಇವಳಿಗೆ ತಿಳಿಯುತ್ತದೆಂಬುದು ಅವಳಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

"ಒಂದು ಕೆಲಸ ಮಾಡಿ. ಅಕ್ಕ ಆ ಇನ್ನೊಂದರ ಮೇಲೆ ಒತ್ತಲಿ. ಅದರಲ್ಲಿ ತಪ್ಪಿದ್ರೂ ನಷ್ಟ ಇಲ್ಲ. ನೀವು ಕೇಳಿಸ್ಕೊಂಡು, ನಿಮ್ಮ ಗಟ್ಟಿ ಬೆರಳಲ್ಲಿ ಇದರ ಮೇಲೆ ಒತ್ತಿಬಿಡಿ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ."

ಮಾತು ಸರಿಯಾಗಿಯೇ ಇತ್ತು. ಹಾಗೆ ಮಾಡಿದರೆ ಜಾರುವ ಭಯವಿಲ್ಲ. ಕಿವಿಯಕ್ಕನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಹದಿನೈದು ದಿನದಿಂದ ತಲೆ ತಿಂದ ನಂಬರು ಅದು, ಗೆರೆ ಎಳೆದ ಹಾಗೆ ಕಿವಿಗೆ ಬಂದು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಸಲ ಜಾರಿ ಡಿಸ್ಕು ಮುಚ್ಚಿಹೋದರೆ ಅದು ತಾನು ಮೊದಲ ದಿನ ಸುಮ್ಮನೆ ಒತ್ತಿ ಕಳೆದ ಅವಕಾಶದಿಂದಲೇ ಆದಂತಾಗುತ್ತಿತ್ತು. ಅವಳು ಟೀಚರ ಮುಖ ನೋಡಿದಳು. ನೀವು ಹೇಗೆ ಹೇಳಿದರೆ ಹಾಗೆ ಎಂದಳು, ಹೇಳಿದ ಮೇಲೆ ಅವರು ಹೇಳಲಾರರು ಎಂಬುದು ನೆನಪಾಗಿ ಸಂಕಟಪಟ್ಟಳು.

ಟೀಚರ್ ಡಿಸ್ಕನ್ನು ಮಡಿಲಲ್ಲಿಟ್ಟು ಮುಂದಕ್ಕೆ ಬಾಗಿದರು. ಕಿವಿಯಕ್ಕನ ಎರಡೂ ಕೈಗಳನ್ನು ಹಿಡಿದೆತ್ತಿದರು. ಎಡಗೈಯ ಹಿಡಿತ ಗಟ್ಟಿಯಿತ್ತು, ಬಲಗೈ ನಡುಗುತ್ತಿತ್ತು. ಆ ಕೈಗಳಿಂದ ಕಿವಿಯಕ್ಕನ ಬೆರಳುಗಳನ್ನು ಅವಳ ಕಿವಿಗಳೊಳಗೆ ತಾವೇ ಇಟ್ಟರು. ಸರಿಯಾಗಿ ಕೂತಿವೆಯೇ ಎಂದು ಒಮ್ಮೆ ಒತ್ತಿಯೂ ನೋಡಿದರು.

ಕಿವಿಯಕ್ಕ ಕಣ್ಣು ಮುಚ್ಚಿದಳು. ಎದುರು ಕೂತ ರೋಗಿ ಮಾತಾಡಬೇಕಲ್ಲ ಎಂದು, ನಿನ್ನೆ ನಿದ್ದೆ ಬರಲಿಲ್ಲ ಟೀಚರೇ, ಊಟ ಸೇರಲಿಲ್ಲ ಎಂದು ಇದ್ದದ್ದನ್ನೇ ಹೇಳುತ್ತ ಹೋದಳು. ತನ್ನ ರಕ್ತ ಓಡುವ ಸದ್ದಷ್ಟೇ ಕಿವಿಯೊಳಗೆ. ಮೊಣಕಾಲನ್ನು ಯಾರೂ ತಟ್ಟಲಿಲ್ಲ. ಭುಜವನ್ನು ಯಾರೂ ಹಿಡಿಯಲಿಲ್ಲ. ಹೇಳಲು ಇದ್ದದ್ದೆಲ್ಲ ಮುಗಿಯಿತು. ಹೋಯಿತು, ಎಲ್ಲ ಹೋಯಿತು, ಹೇಳುವ ಧೈರ್ಯ ಯಾರಿಗೂ ಇಲ್ಲ ಎಂದುಕೊಂಡು ಅವಳು ತಾನೇ ಕಣ್ಣು ತೆರೆದಳು.

ತಂಗಿ ಗೋಡೆಗೆ ಹಣೆ ಆನಿಸಿ ನಿಂತಿದ್ದಳು, ಬೆನ್ನು ಕುಲುಕುತ್ತಿತ್ತು. ಡಿಸ್ಕಿನ ಮೇಲಂಚಿನಲ್ಲಿ ಹಸಿರು ದೀಪವಿತ್ತು. ಟೀಚರ್ ಆಗಲೇ ಲ್ಯಾಪ್‌ಟಾಪಿನ ಕಡೆ ತಿರುಗಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಪಾಠವನ್ನು ಒತ್ತಿ, ಕನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. ಕಿವಿಯಕ್ಕ ಬೆರಳು ತೆಗೆದಳು. ಅವಳು ಎಂದೂ ಕೇಳಿರದ ಒಂದು ದನಿ, ತುಂಬು ದನಿ, ಕೋಣೆಯಲ್ಲಿ ಮಾತಾಡುತ್ತಿತ್ತು.

"ನೀರು. ಈಗ ನೀವು ಹೇಳಿ."

ಪಾಠ ನಿಂತು ಕಾಯಿತು. ಟೀಚರ್ ಕನ್ನಡಿಯಲ್ಲಿ ತಮ್ಮ ತುಟಿಯನ್ನೇ ನೋಡುತ್ತ, "ಅದೇ," ಎಂದರು. ತಲೆ ಅಲ್ಲಾಡಿಸಿದರು.

"ಅವಸರ ಇಲ್ಲ," ಎಂದಿತು ಅವರ ದನಿ. "ನಾನು ಇಲ್ಲೇ ಕೂತಿದೀನಿ. ನೀರು."

ಕೆಲಸ ಮುಗಿದರೆ ಕಿವಿಯಕ್ಕ ಒಂದು ಕ್ಷಣ ಕೂರುವವಳಲ್ಲ. ಅಂದು ರೋಗಿಯ ಕುರ್ಚಿಯಿಂದ ಏಳಲಿಲ್ಲ. ಮತ್ತೆ 'ಅದೇ' ಬಂತು, ಮತ್ತೆ ಆ ದನಿ ಅವಸರ ಇಲ್ಲ ಎಂದಿತು. ಐದನೆಯ ಸಲವೋ ಆರನೆಯ ಸಲವೋ ಟೀಚರ ತುಟಿ ಅಗಲವಾಯಿತು, ಹಲ್ಲು ಕಾಣಿಸಿತು, "ನೀ" ಎಂಬಷ್ಟು ಹೊರಬಂತು. ಉಳಿದರ್ಧ ಬರಲಿಲ್ಲ. ಅವರು ಗಾಬರಿಯಾಗಿ ಗೋಡೆಯ ಕಡೆ, ಗಡಿಯಾರವಿಲ್ಲದ ಮೊಳೆಯ ಕಡೆ ನೋಡಿದರು.

"ಅವಸರ ಇಲ್ಲ. ನಾನು ಇಲ್ಲೇ ಕೂತಿದೀನಿ," ಎಂದು ಅವರ ದನಿ ಅವರಿಗೇ ಹೇಳಿತು. ಟೀಚರ್ ಮತ್ತೆ ಕನ್ನಡಿಯ ಕಡೆ ತಿರುಗಿದರು.